ಹೆಸರು ಬಿಟ್ಟ ಹಾಡು

ಮಾರ್ಚ್ 5, ಬುಧವಾರ

ಇಂದು ಲೆಂಟ್, ನಮ್ಮ ನಲವತ್ತು ದಿನದ ವ್ರತಕಾಲ, ಶುರು. ಈಸ್ಟರ್ ತನಕ ಆದಷ್ಟು ದಿನ ಒಂದು ಮಾತನ್ನಾದರೂ ಪ್ರಾಮಾಣಿಕವಾಗಿ ಬರೆಯಿರಿ, ಯಾರಿಗೂ ತೋರಿಸಬೇಡಿ ಎಂದು ಸಭಾಪಾಲಕರು ಹೇಳಿದ್ದಾರೆ. ಮನೆಗೆ ಬರುತ್ತಲೇ ಸಿಂಧು, ನನ್ನ ಫ್ಯಾಕ್ಟರಿಯವರು ಕೊಟ್ಟ ಡೈರಿಯ ಧೂಳು ಒರೆಸಿ ಮೇಜಿನ ಮೇಲಿಟ್ಟಳು. ನನ್ನ ಹೆಂಡತಿ ಹೀಗೆ ಏನನ್ನೂ ಹೇಳದೆ ಎಲ್ಲವನ್ನೂ ಹೇಳುತ್ತಾಳೆ.

ಪ್ರಾಮಾಣಿಕವಾಗಿ ಬರೆಯುವುದಾದರೆ ಮೊದಲು ಇದು. ಪುಣೆಯ ಶಿರೂರು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ನಾನು ಸೇಫ್ಟಿ ಆಫೀಸರ್. ಅಪಘಾತ ಆಗುವ ಮೊದಲೇ ಅದರ ವಾಸನೆ ಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೂ ಮೂಗು ಅದೇ. ಕೊಂಢವಾ ಬಡಾವಣೆಯ ಈ ಅಪಾರ್ಟ್‌ಮೆಂಟ್ ಸೊಸೈಟಿಗೆ ಬಂದು ಆರು ವರ್ಷವಾಯಿತು, ನಾವು ಕ್ರೈಸ್ತರೆಂದು ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮಧುಕರ ಹೊಸಮನಿ ಎಂಬ ಹೆಸರು ಕೇಳಿದವರು ಲಿಂಗಾಯತರಿರಬೇಕು ಎಂದು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ನಾನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಕ್ರಿಸ್‌ಮಸ್ ನಕ್ಷತ್ರವನ್ನು ದೀಪಾವಳಿಗೇ ಕಟ್ಟಿ ಡಿಸೆಂಬರ್ ಮುಗಿಯುವ ತನಕ ಬಿಟ್ಟಿರುತ್ತೇವೆ. ಆಕಾಶಬುಟ್ಟಿ ಇಳಿಸಲು ಸೋಮಾರಿಗಳು ಎಂದು ಜನ ತಿಳಿಯುತ್ತಾರೆ. ಸೋಮಾರಿ ಎನಿಸಿಕೊಂಡರೆ ಯಾರೂ ಬಾಗಿಲು ಬಡಿಯುವುದಿಲ್ಲ.

ಶುಕ್ರವಾರ ಮನೆ ಪ್ರಾರ್ಥನೆ ನಮ್ಮ ಮನೆಯಲ್ಲಿ. ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ, ಭಾನುವಾರ ಮಧ್ಯಾಹ್ನ ಮರಾಠಿಯವರ ಚರ್ಚಿನಲ್ಲಿ ಸೇರುತ್ತೇವೆ, ವಾರದ ನಡುವೆ ಸರದಿಯಂತೆ ಒಬ್ಬೊಬ್ಬರ ಮನೆ. ನಮ್ಮ ಮನೆಯ ಸರದಿ ಬಂದಾಗ ಹಾಡು ಆರಿಸುವವನು ನಾನೇ. ಗೀತೆ ಪುಸ್ತಕದಲ್ಲಿ ಯೇಸು ಎಂಬ ಹೆಸರು ಬಾರದ ಹಾಡುಗಳನ್ನೇ ಹುಡುಕಿ ಇಡುತ್ತೇನೆ. ಹೆಸರು ಬಂದ ಕಡೆ ‘ಪ್ರಭು’ ಎಂದು ಹಾಡಿದರಾಯಿತು. ಕನ್ನಡ ಇಲ್ಲಿ ಯಾರಿಗೂ ತಿಳಿಯದು, ಗೋಡೆಯಾಚೆ ಕೇಳಿದವರಿಗೆ ಅದು ಭಜನೆ. ಆ ಒಂದು ಹೆಸರು ಮಾತ್ರ ಯಾವ ಭಾಷೆಯಲ್ಲಿ ಅಂದರೂ ಎಲ್ಲರಿಗೂ ತಿಳಿಯುತ್ತದೆ.

ಇದು ಹೆದರಿಕೆಯಲ್ಲ, ಮುಂಜಾಗ್ರತೆ. ಕಾತ್ರಜದ ಆಚೆ ಯಾರದೋ ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ಹುಡುಗರ ಗುಂಪು ಬಂದು ನಿಲ್ಲಿಸಿತಂತೆ, ಮನೆಯವರು ಫ್ಲ್ಯಾಟು ಬಿಟ್ಟು ಹೋದರಂತೆ.

ಮಾರ್ಚ್ 7, ಶುಕ್ರವಾರ

ಪ್ರಾರ್ಥನೆ ಮುಗಿಯಿತು. ಮುಗಿಯಿತು ಎಂದು ಬರೆದ ಮೇಲೂ ಎದ್ದು ಹೋಗಿ ಬಾಗಿಲ ಚಿಲಕ ನೋಡಿಬಂದೆ.

ಹತ್ತು ಹನ್ನೆರಡು ಜನ ಬಂದಿದ್ದರು. ಚಪ್ಪಲಿಗಳನ್ನು ಹೊರಗೆ ಬಿಡಗೊಡಲಿಲ್ಲ, ಬಚ್ಚಲ ಮುಂದೆ ಸಾಲಾಗಿ ಇಡಿಸಿದೆ. ಕಿಟಕಿ ಹಾಕಿ ಫ್ಯಾನು ಜೋರು ಮಾಡಿದೆ. ಪ್ರಾರ್ಥನೆ ನಡೆಸುವವನು ತಾಯಪ್ಪ. ನಮ್ಮ ಸಭೆಯ ಉಪದೇಶಿ, ಯಾದಗಿರಿ ಕಡೆಯವನು, ವಾರವೆಲ್ಲ ಇಲ್ಲಿಯ ಹೊಸ ಕಟ್ಟಡಗಳಲ್ಲಿ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡುತ್ತಾನೆ. ಅವನ ಗಂಟಲು ಐದು ಮಹಡಿ ಇಳಿದು ಹೋಗುವಂಥದು. ಬಾಗಿಲಲ್ಲೇ ಅವನನ್ನು ಹಿಡಿದು ಹೇಳಿದೆ:

“ತಾಯಪ್ಪ, ಪ್ರಾರ್ಥನಾ ಮಾಡೂ ಮುಂದ ಪ್ರಭು ಅಂದ್ರ ಸಾಕು. ಗ್ವಾಡಿ ಭಾಳ ತೆಳ್ಳಗದಾವ.”

“ಆತ್ರಿ ಸಾಹೇಬ್ರ,” ಎಂದ. ವಾದ ಮಾಡಿದ್ದರೆ ಚೆನ್ನಾಗಿತ್ತು.

ಅವನ ನಾಲಿಗೆಗೆ ಅದು ಅಭ್ಯಾಸವಿಲ್ಲ. ಹೆಸರು ಬರುವ ಜಾಗ ಬಂದಾಗಲೆಲ್ಲ ತಡೆದು, ಉಗುಳು ನುಂಗಿ, ಮುಂದೆ ಹೋದ. ಅಂಥ ವಾಗ್ಮಿ ತೊದಲುತ್ತ ತೊದಲುತ್ತ ಬೇಗ ಆಮೆನ್ ಅಂದುಬಿಟ್ಟ. ನಾನು ಕಣ್ಣು ಮುಚ್ಚಿಕೊಂಡೇ ನೆಲಕ್ಕಿಳಿದು ಹೋದೆ.

ಮೂರನೆಯ ಹಾಡು ದೀಪ ಹಚ್ಚುವ ಹೊತ್ತಿನದು. ‘ದೀಪ ಹಚ್ಚುವ ಹೊತ್ತಾಯಿತು, ಯೇಸುವೇ, ಮನೆಯೊಳಗೆ ಬಾ.’ ನಮ್ಮಮ್ಮ ಬೆಟಗೇರಿಯ ಮನೆಯಲ್ಲಿ ದಿನಾ ಹಾಡುತ್ತಿದ್ದಳು. ನಾವು ‘ಪ್ರಭುವೇ, ಮನೆಯೊಳಗೆ ಬಾ’ ಎಂದು ಹಾಡಿದೆವು.

ಸಿಂಧು ಮಿರ್ಚಿ ಭಜಿ ಕೊಡುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಪಕ್ಕದ ಮನೆಯ ರಂಗೂಬಾಯಿ, ಕೋಲೂರಿಕೊಂಡು. ನಮ್ಮ ಸೊಸೈಟಿಯ ಸೆಕ್ರೆಟರಿ ಸ್ವಪ್ನಿಲ್‌ನ ತಾಯಿ, ಮರಾಠಿಯಲ್ಲಿ ನಮಗೆಲ್ಲ ಆಯಿ. ಹೃದಯ ದಣಿದಿದೆ, ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಆಕೆ ಮನೆ ಬಿಟ್ಟು ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಆರು ವರ್ಷ ನಾವು ಆಕೆಯೊಂದಿಗೆ ಮರಾಠಿಯಲ್ಲೇ ಮಾತಾಡಿದವರು. ಆಕೆ ನನ್ನ ಮುಖ ನೋಡಿ ಕನ್ನಡದಲ್ಲಿ ಅಂದಳು:

“ಆ ದೀಪದ ಹಾಡು ಭಾಳ ಚಲೋ ಹಾಡಿದ್ರಿ. ಆದ್ರ ಅದರಾಗ ಒಂದ ಹೆಸರು ಇತ್ತಲಾ, ಅದನ್ನ ಯಾಕ ಬಿಟ್ರಿ?”

ತಾಯಪ್ಪನ ಕೈಯಲ್ಲಿದ್ದ ಭಜಿ ಬಾಯಿ ತನಕ ಹೋಗಿ ನಿಂತಿತು. ನಾನು ನಗುತ್ತ ಅಂದೆ, “ಇಲ್ರಿ ಆಯೀ, ಅದು ಬ್ಯಾರೆ ಹಾಡು.”

ಬೇರೆ ಹಾಡು. ಅಮ್ಮ ಕಲಿಸಿದ ಹಾಡನ್ನು ಬೇರೆ ಹಾಡು ಅಂದೆ.

ಮಾರ್ಚ್ 9, ಭಾನುವಾರ

ಚರ್ಚಿನಿಂದ ಬಂದಾಗ ರಂಗೂಬಾಯಿ ಬಾಗಿಲು ತೆರೆದು ಕಾದಿದ್ದಳು. ಹೋಗದೆ ಗತಿಯಿರಲಿಲ್ಲ.

ಆಕೆ ಅಕ್ಕಲಕೋಟೆ ಕಡೆಯ ಹಳ್ಳಿಯವಳಂತೆ, ತವರಿನಲ್ಲಿ ಕನ್ನಡವೇ. ಸಣ್ಣವಳಿದ್ದಾಗ ಕಾಲು ಮುರಿದು ಒಂದು ಮಿಶನ್ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದಳಂತೆ. ಮನೆಯವರು ಬಿತ್ತನೆ ಬಿಟ್ಟು ಬರುವಂತಿರಲಿಲ್ಲ. ಸಂಜೆ ದೀಪ ಹಚ್ಚುತ್ತ ಒಬ್ಬ ನರ್ಸು ಈ ಹಾಡು ಹಾಡುತ್ತಿದ್ದಳಂತೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಕನ್ನಡ ಬಾಯಿಂದ ಹೋಯಿತು, ಈ ಹಾಡು ಹೋಗಲಿಲ್ಲ. ಆರು ವರ್ಷದಿಂದ ಗೋಡೆಗೆ ಕಿವಿಯಿಟ್ಟು ನಮ್ಮ ಹಾಡು ಕೇಳುತ್ತಾಳೆ. ಪ್ರತಿ ಸಲ ಆ ಜಾಗದಲ್ಲಿ ಕಾಯುತ್ತಾಳೆ, ಪ್ರತಿ ಸಲ ನಾನು ಬೇರೆ ಹೆಸರು ಹಾಡುತ್ತೇನೆ.

“ಯಾಕ ಅಡಗಿಸಿ ಇಟ್ಟೀರಿ ಅವನ್ನ? ಪೊಲೀಸ್ರು ಹುಡುಕಾಕತ್ತಾರೇನು?” ಎಂದು ನಕ್ಕಳು. ನಗುವಾಗ ಕೆಮ್ಮು ಬಂತು.

ನಾನು ನೀರು ಕೊಟ್ಟೆ, ಒಂದು ಗುಟುಕು ಕುಡಿದು ಅಂದಳು:

“ನನ್ನ ಜಾತಿ ಬದಲಿ ಮಾಡ್ರಿ ಅಂತ ಕೇಳವಲ್ಲೆ. ನನ್ನ ವಿಠೋಬಾ ಇಲ್ಲೇ ಗೂಡಿನ್ಯಾಗ ಕುಂತಾನ, ಅವಂಗೇನೂ ಬ್ಯಾಸರ ಇಲ್ಲ. ಆ ಸಿಸ್ಟರ್ ಹಾಡಿದಂಗ ಒಮ್ಮೆ ನನ್ನ ಮುಂದ ಹಾಡ್ರಿ. ಅದ ಹೆಸರು ಹಿಡಿದು ಒಂದೀಟು ಪ್ರಾರ್ಥನಾ ಮಾಡ್ರಿ. ಅಂಜಿಕಿ ಬರ್ತದ ನನಗ, ಮಧುಕರ. ಸಂಜಿಕ್ಕ ಭಾಳ ಅಂಜಿಕಿ ಬರ್ತದ. ಏಳಕ್ಕ ಬರ್ರಿ, ಆಗ ಮನ್ಯಾಗ ನಾ ಒಬ್ಬಾಕಿನ ಇರ್ತೀನಿ.”

ನೋಡೋಣ ಅಂದೆ. ಅಷ್ಟರಲ್ಲಿ ಸ್ವಪ್ನಿಲ್ ಹೊರಗಿನಿಂದ ಬಂದ. ನಾನು ಎದ್ದು ನಿಂತು ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಕೇಳಿದೆ. ಟ್ಯಾಂಕರ್ ಅಂಗಳದಲ್ಲೇ ನಿಂತಿತ್ತು.

ಸಾಯುವ ತಾಯಿಯ ಹಾಸಿಗೆಯ ಬಳಿ ಆ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆನೆಂದು ತಿಳಿದರೆ ಸ್ವಪ್ನಿಲ್ ಏನೆಂದುಕೊಂಡಾನು? ಆಯಿಯ ಮತ ಕೆಡಿಸಿದ ಅನ್ನುತ್ತಾನೆ. ಅವನು ಅನ್ನದಿದ್ದರೆ ಬೇರೆಯವರು ಅನ್ನುತ್ತಾರೆ. ನನ್ನೊಬ್ಬನ ಮಾತಲ್ಲ ಇದು, ಇಡೀ ಸಭೆಯ ಮೇಲೆ ಬರುತ್ತದೆ.

ಇಡೀ ಸಭೆಯ ನೆಪ ಎಷ್ಟು ಬೇಗ ಸಿಕ್ಕಿತು ನನಗೆ.

ಮಾರ್ಚ್ 12, ಬುಧವಾರ

ಸೊಸೈಟಿಯ ವಾಟ್ಸಾಪ್ ಗುಂಪಿಗೆ ಸ್ವಪ್ನಿಲ್ ಬರೆದಿದ್ದಾನೆ: ಮನೆಗಳಲ್ಲಿ ಹೆಚ್ಚು ಜನ ಸೇರುವ ಕಾರ್ಯಕ್ರಮವಿದ್ದರೆ ಮೊದಲೇ ತಿಳಿಸಿ, ಪಾರ್ಕಿಂಗಿಗೆ ತೊಂದರೆಯಾಗುತ್ತಿದೆ. ಪಾರ್ಕಿಂಗ್ ಅಂತೆ. ನಮ್ಮಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಬಂದವರು.

ಇನ್ನೊಂದು ವಿಷಯ. ಸಂಜೆ ಏಳಕ್ಕೆ ಬಾಲ್ಕನಿಗೆ ಹೋದರೆ ಅವನು ಗೇಟಿನ ಬಳಿ ಒಬ್ಬನೇ ನಿಂತಿದ್ದ. ಫೋನು ನೋಡುತ್ತಿರಲಿಲ್ಲ, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕತ್ತೆತ್ತಿ ನಮ್ಮ ಮಹಡಿಯ ಕಡೆ ನೋಡುತ್ತಿದ್ದ. ನಾನು ಒಳಗೆ ಸರಿದೆ. ನಿನ್ನೆಯೂ ಇದ್ದ ಎಂದು ಸಿಂಧು ಹೇಳಿದಳು.

ನಮ್ಮ ಮನೆಗೆ ಯಾರು ಬರುತ್ತಾರೆ, ನಾವು ಯಾರ ಮನೆಗೆ ಹೋಗುತ್ತೇವೆ ಎಂದು ನೋಡುತ್ತಿದ್ದಾನೆ. ಮೂಗು ಸುಮ್ಮನೆ ಹೇಳುವುದಿಲ್ಲ.

ಮಾರ್ಚ್ 18, ಮಂಗಳವಾರ

ಸಿಂಧುವಿನೊಂದಿಗೆ ಜಗಳ. ಜಗಳವೆಂದರೆ ನಾನು ಕೂಗಿದೆ, ಆಕೆ ಅನ್ನಕ್ಕೆ ನೀರಿಟ್ಟಳು.

ಆಕೆ ದಿನಾ ರಂಗೂಬಾಯಿಗೆ ಗಂಜಿ ಒಯ್ದು ಕೊಡುತ್ತಾಳೆ. ಇವತ್ತು, ತಾನೇ ಪ್ರಾರ್ಥನೆ ಮಾಡಲೇ ಎಂದು ಕೇಳಿದಳಂತೆ. ಮುದುಕಿ ಬೇಡವೆಂದಳಂತೆ.

“ಯಾಕಂತ?” ಎಂದು ಕೇಳಿದೆ.

“ನಿನ್ನ ಗಂಡನ ಧ್ವನಿ ನಾ ಗ್ವಾಡ್ಯಾಗಿಂದ ಕೇಳೀನಿ. ಆ ಹೆಸರು ಬಿಟ್ಟಾವ ಅಂವ. ಅವನ ಬಂದು ತಿರುಗಿ ಹಾಕಬೇಕು ಅಂದ್ರು.”

“ಹಟದ ಮುದುಕಿ,” ಎಂದೆ.

“ಹೌದ್ರಿ. ಸಾಯೂ ಮಂದಿಗೆ ಹಟ ಇರ್ತದ. ನಿಮಗೇನದ?”

ಅದಕ್ಕೇ ನಾನು ಕೂಗಿದ್ದು. ಫ್ಲ್ಯಾಟು ಹೋದರೆ ಎಲ್ಲಿರುತ್ತೀ, ಕೆಲಸಕ್ಕೆ ಸಂಚಕಾರ ಬಂದರೆ ಏನು ತಿನ್ನುತ್ತೀ ಎಂದು ಹೇಳಬಾರದ ಧಾಟಿಯಲ್ಲಿ ಹೇಳಿದೆ. ಕೂಗುವಾಗಲೂ ಕಿಟಕಿ ಹಾಕಿದೆಯೋ ಇಲ್ಲವೋ ಎಂದು ನೋಡಿಕೊಂಡೆ.

ಮಾರ್ಚ್ 21, ಶುಕ್ರವಾರ

ಇವತ್ತು ಹೋದೆ. ಅಂದರೆ ರಂಗೂಬಾಯಿಯ ಬಾಗಿಲ ತನಕ ಹೋದೆ. ಸ್ವಪ್ನಿಲ್ ಕೆಳಗೆ ಗೇಟಿನ ಬಳಿ ನಿಂತದ್ದನ್ನು ನೋಡಿಕೊಂಡು, ಅವನು ಮೇಲೆ ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು ಹೊರಟೆ. ಗೀತೆ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಬೆಲ್ಲಿನ ಮೇಲೆ ಬೆರಳಿಡುವಾಗ ಎದುರು ಮನೆಯ ಬಾಗಿಲು ತೆರೆದು ರಂಜನಾ ತಾಯಿ ಹೊರಬಂದರು, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಸೊಸೈಟಿಯ ಅರಿಶಿನ ಕುಂಕುಮ, ಸತ್ಯನಾರಾಯಣ, ವಾಕಿಂಗ್ ಗುಂಪು ಎಲ್ಲದರ ಯಜಮಾನಿ. “ಕಾಯ್ ಕಾಕಾ, ಕಾಯ್ ಪಾಹಿಜೆ?” ಎಂದರು. ಏನು ಬೇಕು ಕಾಕಾ?

ಹೆಪ್ಪಿಗೆ ಮೊಸರು ಬೇಕಿತ್ತು ಅಂದೆ.

ಐವತ್ತು ದಾಟಿದ ಗಂಡಸು, ಅಂಗಿಯ ಗುಂಡಿಗಳ ನಡುವೆ ಪುಸ್ತಕದ ಮೂಲೆ ಇಣುಕುತ್ತಿದೆ, ಹೆಪ್ಪಿಗೆ ಮೊಸರು ಕೇಳುತ್ತಾನೆ. ಪಾಪ, ರಂಜನಾ ತಾಯಿ ಒಳಗೆ ಹೋಗಿ ಬಟ್ಟಲಲ್ಲಿ ತಂದುಕೊಟ್ಟರು. ಧನ್ಯವಾದ ಹೇಳಿ ಮನೆಗೆ ಬಂದೆ. ಸಿಂಧು ಬಟ್ಟಲನ್ನೂ ನನ್ನನ್ನೂ ನೋಡಿ, ಹಾಲು ಕಾಯಿಸಿ ಹೆಪ್ಪು ಹಾಕಿದಳು.

ಮಾರ್ಚ್ 22, ಶನಿವಾರ

ಮೊಸರು ಚೆನ್ನಾಗಿ ಬಂದಿತ್ತು. ನನಗೆ ಇಳಿಯಲಿಲ್ಲ.

ಮಾರ್ಚ್ 30, ಭಾನುವಾರ

ಗುಡಿಪಾಡವಾ, ಇಲ್ಲಿಯವರ ಯುಗಾದಿ. ಸ್ವಪ್ನಿಲ್ ಶ್ರೀಖಂಡದ ಡಬ್ಬಿ ಹಿಡಿದು ಬಾಗಿಲಿಗೆ ಬಂದ. ಕಣ್ಣ ಕೆಳಗೆ ಕಪ್ಪಾಗಿತ್ತು. ಆಯಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾಳೆ, ನಿಮ್ಮನ್ನು ನೆನೆಯುತ್ತಿರುತ್ತಾಳೆ, ಸಂಜೆ ಒಮ್ಮೆ ಬನ್ನಿ ಕಾಕಾ ಎಂದು ಮರಾಠಿಯಲ್ಲಿ ಹೇಳಿದ. ಇನ್ನೂ ಏನೋ ಹೇಳುವವನಂತೆ ನಿಂತ. ನಾನು ಹಬ್ಬದ ಶುಭಾಶಯ ಹೇಳಿ ಮಾತು ಮುಗಿಸಿದೆ.

ಸಂಜೆ ಬನ್ನಿ ಅನ್ನುತ್ತಾನೆ. ಬಂದರೆ ಏನು ಮಾಡುತ್ತೇನೆ ಎಂದು ನೋಡಬೇಕಲ್ಲ ಅವನಿಗೆ.

ಪ್ರಾಮಾಣಿಕವಾಗಿ ಬರೆಯಬೇಕೆಂದರೆ, ಅವನ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ನನ್ನ ಕಣ್ಣೇ ಕೆಟ್ಟಿದೆಯೋ ಏನೋ.

ಏಪ್ರಿಲ್ 2, ಬುಧವಾರ

ಇದನ್ನು ಬರೆಯಲೇಬೇಕು.

ಅರ್ಧ ದಿನ ರಜೆ ಹಾಕಿದೆ. ಮಧ್ಯಾಹ್ನ ಸ್ವಪ್ನಿಲ್ ಆಫೀಸಿನಲ್ಲಿರುತ್ತಾನೆ, ಗೇಟಿನಲ್ಲೂ ಇರುವುದಿಲ್ಲ. ಎಲ್ಲ ಲೆಕ್ಕ ಹಾಕಿಯೇ ಹೋದೆ. ಶೀತಲ ಬಾಗಿಲು ತೆರೆದಳು. ಹಗಲು ಹೊತ್ತು ರಂಗೂಬಾಯಿಯನ್ನು ನೋಡಿಕೊಳ್ಳಲು ಬರುವ ಹುಡುಗಿ. ಆಕೆ ಇರುತ್ತಾಳೆಂಬುದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ರಂಗೂಬಾಯಿ ಹಾಸಿಗೆಯಲ್ಲಿ ಸಣ್ಣಗಾಗಿ ಮಲಗಿದ್ದಳು. ನನ್ನನ್ನು ನೋಡಿ ಎರಡೂ ಕೈ ಚಾಚಿದಳು. “ಬಂದ್ರಿ,” ಎಂದಳು. “ನಂಗೊತ್ತಿತ್ತು ಬರ್ತೀರಿ ಅಂತ.” ಮಾತಿಗೂ ಮಾತಿಗೂ ನಡುವೆ ಉಸಿರು ಹುಡುಕಬೇಕಾಗಿತ್ತು ಆಕೆಗೆ.

ಹಾಸಿಗೆಯ ಬಳಿ ಕುರ್ಚಿಯಿತ್ತು, ಕೂತೆ. ಶೀತಲ ಕಾಲ ಬಳಿ ಸ್ಟೂಲಿನ ಮೇಲೆ ಫೋನು ಹಿಡಿದು ಕೂತಳು. ನೀನು ಸ್ವಲ್ಪ ಹೊರಗೆ ಹೋಗಮ್ಮ ಎಂದು ಹೇಳಬಹುದಿತ್ತು. ಹೇಳಿದರೆ ಅನುಮಾನ ಬರುತ್ತದೆ ಎಂದು ಹೇಳಲಿಲ್ಲ. ಆಕೆ ರೆಕಾರ್ಡ್ ಮಾಡಿದರೆ? ಸಂಜೆ ಸ್ವಪ್ನಿಲ್‌ಗೆ ತೋರಿಸಿದರೆ?

ಹಾಡಿದೆ. ರಂಗೂಬಾಯಿ ಕಣ್ಣು ಮುಚ್ಚಿ, ನನ್ನ ಕೈ ಹಿಡಿದು, ತುಟಿ ಅಲ್ಲಾಡಿಸುತ್ತ ಕೇಳಿದಳು. ದೀಪ ಹಚ್ಚುವ ಹೊತ್ತಾಯಿತು ಎಂಬಲ್ಲಿಗೆ ಬಂದೆ. ಆಕೆಯ ತುಟಿ ಆ ಹೆಸರನ್ನು ಆಗಲೇ ಹಿಡಿದಿತ್ತು. ನಾನು ಪ್ರಭುವೇ ಎಂದು ಹಾಡಿದೆ.

ಕೈಯ ಹಿಡಿತ ಸಡಿಲಾಯಿತು. ಆಕೆ ಕಣ್ಣು ತೆರೆಯಲಿಲ್ಲ. ಹಾಡು ಮುಗಿದ ಮೇಲೆ “ಚಲೋ ಹಾಡಿದ್ರಿ” ಎಂದು ಗೋಡೆಯ ಕಡೆ ಹೊರಳಿದಳು. ನಮ್ಮ ಮನೆಯ ಗೋಡೆ. ಪ್ರಾರ್ಥನೆಯ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಶೀತಲ ಫೋನಿನಲ್ಲಿ ಯಾವುದೋ ಅಡುಗೆಯ ವಿಡಿಯೋ ನೋಡುತ್ತಿದ್ದಳು.

ಹೋಗದೇ ಇದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಆಕೆ ಕೇಳಿದ್ದು ಒಂದೇ ಒಂದು. ಅದನ್ನು ಬಾಯಿಯ ತನಕ ಒಯ್ದು ಕಸಿದುಕೊಂಡು ಬಂದೆ.

ಏಪ್ರಿಲ್ 4, ಶುಕ್ರವಾರ

ರಂಗೂಬಾಯಿ ಇಂದು ಬೆಳಿಗ್ಗೆ ಹೋದರು.

ಹೆಗಲು ಕೊಟ್ಟೆ. ಚಟ್ಟ ಲಿಫ್ಟಿನಲ್ಲಿ ಹಿಡಿಸುವುದಿಲ್ಲವೆಂದು ಮೆಟ್ಟಿಲಿಂದ ಇಳಿಸಿದೆವು. ತಿರುವಿನಲ್ಲಿ ಜಾರದಂತೆ ಎಲ್ಲರಿಗೂ ನಾನೇ ದಾರಿ ಹೇಳುತ್ತಿದ್ದೆ. ಜೋಪಾನ, ಜೋಪಾನ ಎಂದು.

ಏಪ್ರಿಲ್ 8, ಮಂಗಳವಾರ

ಏಳು ಗಂಟೆಗೆ ಆ ಕಡೆಯ ಗೋಡೆ ಸುಮ್ಮನಿರುತ್ತದೆ. ಮೊದಲೂ ಸುಮ್ಮನೇ ಇತ್ತು, ಆದರೆ ಕೇಳುತ್ತಿತ್ತು.

ತಾಯಪ್ಪನಿಗೆ ಫೋನು ಮಾಡಿದೆ. ಯಾಕೆ ಮಾಡಿದೆನೋ ತಿಳಿಯದು. ಅವತ್ತು ನಿನ್ನ ಬಾಯಿ ಕಟ್ಟಬಾರದಿತ್ತು ಎಂದೆ. “ಇರ್ಲಿ ಬಿಡ್ರಿ ಸಾಹೇಬ್ರ,” ಎಂದ. ಹಿಂದೆ ಮಶೀನಿನ ಸದ್ದು ಕೇಳುತ್ತಿತ್ತು. ಇರಲಿ ಬಿಡಿ ಅಂದವರ ಮುಂದೆ ನಿಲ್ಲುವುದು ಬಹಳ ಕಷ್ಟ.

ಏಪ್ರಿಲ್ 16, ಬುಧವಾರ

ಕ್ಲಬ್‌ಹೌಸಿನಲ್ಲಿ ಶ್ರದ್ಧಾಂಜಲಿ ಸಭೆ. ಹದಿಮೂರನೆಯ ದಿನ. ರಂಗೂಬಾಯಿಯ ಫೋಟೊ, ಮಲ್ಲಿಗೆ ಹಾರ, ಪಕ್ಕದಲ್ಲಿ ಆಕೆಯ ಗೂಡಿನ ವಿಠೋಬಾ. ಸೊಸೈಟಿಯ ಜನವೆಲ್ಲ ಬಿಳಿ ಬಟ್ಟೆಯಲ್ಲಿ. ನಾವು ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ. ಎಲ್ಲಿ ಹೋದರೂ ನಾನು ಮೊದಲು ನೋಡುವುದು ಹೊರಗೆ ಹೋಗುವ ದಾರಿಯನ್ನು.

ಇಬ್ಬರು ಮೂವರು ಮಾತಾಡಿದ ಮೇಲೆ ಸ್ವಪ್ನಿಲ್ ಮೈಕು ಹಿಡಿದ. ಆಯಿಗೆ ಹೊಸಮನಿ ಕಾಕಾ ಹಾಡುವ ಒಂದು ಕನ್ನಡ ಭಜನೆ ಬಹಳ ಇಷ್ಟವಿತ್ತು, ಕಾಕಾ ಅದನ್ನು ಹಾಡಬೇಕು ಎಂದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ನಡೆದು ಹೋಗುವಷ್ಟರಲ್ಲಿ ಎಲ್ಲ ಯೋಚನೆ ಮಾಡಿ ಮುಗಿಸಿದ್ದೆ. ಪ್ರಭುವೇ ಎಂದು ಹಾಡಿದರೆ ಮುಗಿಯಿತು. ವ್ಯತ್ಯಾಸ ತಿಳಿಯುತ್ತಿದ್ದವಳು ಒಬ್ಬಳೇ, ಆಕೆ ಫೋಟೊದಲ್ಲಿದ್ದಾಳೆ. ಅಪಾಯ ಎಂಬುದು ಎಳ್ಳಷ್ಟೂ ಇರಲಿಲ್ಲ. ಇಷ್ಟು ಸುರಕ್ಷಿತವಾಗಿ ನಾನು ಆ ಹಾಡನ್ನು ಎಂದೂ ಹಾಡಿರಲಾರೆ.

ಶುರು ಮಾಡಿದೆ. ಮೈಕು ನನ್ನ ಉಸಿರನ್ನೆಲ್ಲ ದೊಡ್ಡದು ಮಾಡಿ ಕೇಳಿಸುತ್ತಿತ್ತು. ಆ ಜಾಗಕ್ಕೆ ಬಂದಾಗ ಫೋಟೊದ ಕಡೆ ನೋಡಬಾರದಿತ್ತು, ನೋಡಿದೆ. ಆ ದಿನದ ತುಟಿ ನೆನಪಾಯಿತು. ‘ದೀಪ ಹಚ್ಚುವ ಹೊತ್ತಾಯಿತು, ಯೇಸುವೇ, ಮನೆಯೊಳಗೆ ಬಾ’ ಎಂದು ಬಾಯಿಂದ ಬಂತು.

ರಂಜನಾ ತಾಯಿ ತಲೆ ಎತ್ತಿದರು. ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಇಬ್ಬರು ಎದ್ದು ಹೊರಗೆ ಹೋದರು, ಫೋನು ಬಂದಿರಬಹುದು, ಇಲ್ಲದಿರಬಹುದು. ಪಲ್ಲವಿ ನಾಲ್ಕು ಸಲ ಬರುತ್ತದೆ ಆ ಹಾಡಿನಲ್ಲಿ. ಎರಡನೆಯ ಸಲಕ್ಕೆ ನನ್ನ ಧ್ವನಿ ಒಡೆಯಿತು. ಆಗ ಹಿಂದಿನ ಸಾಲಿನಿಂದ ಸಿಂಧು ಸೇರಿಕೊಂಡಳು. ನನ್ನ ಹೆಂಡತಿಗೆ ರಾಗ ಬರುವುದಿಲ್ಲ, ಯಾವತ್ತೂ ಬಂದಿಲ್ಲ. ಗಟ್ಟಿಯಾಗಿ ಹಾಡಿದಳು.

ಇದರಲ್ಲಿ ಧೈರ್ಯವೇನೂ ಇಲ್ಲ. ಸತ್ತವಳ ಫೋಟೊದ ಮುಂದೆ ಆ ಹೆಸರು ಹಾಡಿದೆ, ಬದುಕಿದ್ದವಳ ಕೈ ಹಿಡಿದು ಹಾಡಲಿಲ್ಲ. ನನಗೆ ಅಷ್ಟು ಮಾತ್ರ ಗೊತ್ತು.

ಏಪ್ರಿಲ್ 17, ಗುರುವಾರ

ವಾಟ್ಸಾಪ್ ಗುಂಪಿನಲ್ಲಿ ಎ ವಿಂಗಿನವರೊಬ್ಬರು ಬೆಳಿಗ್ಗೆ ಬರೆದಿದ್ದರು: ಹೊಸಮನಿ ಅವರೇ, ನೀವು ಕ್ರಿಶ್ಚನ್ನರೇ? ಆರು ವರ್ಷ ಯಾಕೆ ಹೇಳಲಿಲ್ಲ? ಹೌದು ಎಂದು ಬರೆದೆ. ಎರಡನೆಯ ಪ್ರಶ್ನೆಗೆ ಬರೆದದ್ದನ್ನೆಲ್ಲ ಅಳಿಸಿದೆ. ಕಂಪನಿ ಬಸ್ಸು ಬಂತು, ಹತ್ತಿದೆ.

ಸಂಜೆ ಏಳಕ್ಕೆ ಬೆಲ್ ಆಯಿತು. ಸ್ವಪ್ನಿಲ್. ಇದಕ್ಕೇ ಕಾಯುತ್ತಿದ್ದೆ, ಎಲ್ಲ ಕೇಳಿಸಿಕೊಳ್ಳಲು ಸಿದ್ಧನಾಗಿದ್ದೆ. ಅವನು ಕೂತು, ಸಿಂಧು ಕೊಟ್ಟ ನೀರು ಕುಡಿದು, ಗ್ಲಾಸನ್ನು ಕೈಯಲ್ಲೇ ಹಿಡಿದುಕೊಂಡ. ನಡೆದದ್ದೆಲ್ಲ ಮರಾಠಿಯಲ್ಲಿ, ನನ್ನ ನೆನಪಿನಿಂದ ಬರೆಯುತ್ತಿದ್ದೇನೆ.

“ಕಾಕಾ, ಆಯಿಯ ಮುಂದೆ ನೀವು ಆ ಹೆಸರಿನಲ್ಲಿ ಪ್ರಾರ್ಥನೆ ಮಾಡಿದ್ರಾ?”

ಇಲ್ಲ ಎಂದರೆ ಸಾಕಿತ್ತು. ನಿಜವೂ ಅದೇ, ಕ್ಷೇಮವೂ ಅದೇ. ಅವನ ಮುಖದಲ್ಲಿ ಆಯಿಯ ಮೂಗು, ಆಯಿಯ ಹಣೆ.

“ಇಲ್ಲ,” ಎಂದೆ. “ಆಕೆ ಕೇಳಿದ್ದರು. ನಾನು ಮಾಡಲಿಲ್ಲ. ಹಾಡಲು ಬಂದಾಗಲೂ ಹೆಸರು ಬಿಟ್ಟು ಹಾಡಿದೆ.”

“ಯಾಕೆ?”

“ನಿನಗೆ ಹೆದರಿ.”

ಅವನು ಗ್ಲಾಸನ್ನು ಮೇಜಿನ ಮೇಲಿಟ್ಟ. ಸಿಟ್ಟು ಬರುತ್ತದೆ ಅಂದುಕೊಂಡೆ. ಬರಲಿಲ್ಲ.

“ಆಯಿ ನನಗೆ ಮೊದಲೇ ಹೇಳಿದ್ದಳು,” ಎಂದ. “ಕಾಕಾನನ್ನ ಏಳಕ್ಕೆ ಕರೆದಿದ್ದೇನೆ, ನಿನ್ನನ್ನ ನೋಡಿದರೆ ಅವನು ಬಾಯಿ ತೆರೆಯುವುದಿಲ್ಲ, ಆ ಹೊತ್ತಿಗೆ ನೀನು ಮನೆಯಲ್ಲಿರಬೇಡ ಅಂತ. ಅದಕ್ಕೇ ದಿನಾ ಏಳಕ್ಕೆ ಕೆಳಗೆ ಹೋಗಿ ಗೇಟಿನ ಬಳಿ ನಿಲ್ಲುತ್ತಿದ್ದೆ. ನೀವು ಬಂದಿರಾ ಅಂತ ಮೇಲೆ ನೋಡುತ್ತಿದ್ದೆ. ಆಯಿಯ ಕೋಣೆಯಲ್ಲಿ ಕುರ್ಚಿ ಹಾಕಿಟ್ಟು ಹೋಗುತ್ತಿದ್ದೆ ಕಾಕಾ.”

ಕುರ್ಚಿ. ನಾನು ಆ ಕುರ್ಚಿಯ ಮೇಲೆ ಕೂತೇ ಪ್ರಭುವೇ ಎಂದು ಹಾಡಿದ್ದು.

ಕ್ಷಮಿಸು ಎಂದೆ. ಅವನು ತಲೆಯಾಡಿಸಿದ, ಕ್ಷಮಿಸಿದನೋ ಸುಮ್ಮನೆ ಆಡಿಸಿದನೋ ಕೇಳುವ ಮುಖ ನನಗಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಅಂದ, “ಸಂಜೆ ಆಯಿ ಬಹಳ ಹೆದರುತ್ತಿದ್ದಳು. ನಾನು ಮನೆಯಲ್ಲೇ ಇರಬಹುದಿತ್ತು.”

ಅವನ ಪಾಲಿನ ಸಂಜೆಗಳನ್ನೂ ನಾನು ತಿಂದೆ.

ಏಪ್ರಿಲ್ 18, ಶುಭ ಶುಕ್ರವಾರ

ಸಭೆಯಲ್ಲಿ ಪೇತ್ರನು ಮೂರು ಸಲ ಯೇಸುವನ್ನು ಅರಿಯೆನೆಂದ ಭಾಗ ಓದಲು ನನಗೇ ಕೊಟ್ಟರು. ಹುಂಜ ಕೂಗುವ ತನಕ ಓದಿ ಕೂತೆ.

ಏಪ್ರಿಲ್ 25, ಶುಕ್ರವಾರ

ಈಸ್ಟರ್ ಮುಗಿಯಿತು, ಡೈರಿಯ ಕರಾರೂ ಮುಗಿಯಿತು. ಇಂದಿನದನ್ನು ಬರೆದು ಬಿಡುತ್ತೇನೆ.

ಮನೆ ಪ್ರಾರ್ಥನೆ ಇಂದು ಮತ್ತೆ ನಮ್ಮಲ್ಲಿ. ಸರದಿ ನಮ್ಮದಲ್ಲ, ಆದರೆ ಸರದಿ ಇದ್ದವರು ಊರಿಗೆ ಹೋಗಿದ್ದಾರೆ, ಯಾರಾದರೂ ಕರೆಯಬೇಕಲ್ಲ. ಗುಂಪಿನಲ್ಲಿ ತಿಳಿಸಿದೆ: ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ, ಎರಡು ಮೂರು ಗಾಡಿಗಳು ಬರಬಹುದು. ಸೊಸೈಟಿಯ ನಿಯಮ ಪಾಲಿಸಿದೆ ಅಷ್ಟೆ. ಎ ವಿಂಗಿನವರು ಇದು ಮಂದಿರವಲ್ಲ, ಚರ್ಚೂ ಅಲ್ಲ ಎಂದು ಬರೆದಿದ್ದಾರೆ, ಮುಂದಿನ ಮೀಟಿಂಗಿನಲ್ಲಿ ವಿಷಯ ಎತ್ತುತ್ತಾರಂತೆ. ಎತ್ತಿದಾಗ ಹೋಗಿ ಕೂರಬೇಕು. ರಂಜನಾ ತಾಯಿ ಲಿಫ್ಟಿನಲ್ಲಿ ಮಾತಾಡಲಿಲ್ಲ. ಅವರ ಬಟ್ಟಲು ಇನ್ನೂ ನಮ್ಮಲ್ಲೇ ಇದೆ, ಕೊಟ್ಟು ಬರಬೇಕು.

ವಿಪರೀತ ಸೆಕೆ, ಕಿಟಕಿ ತೆಗೆದಿಟ್ಟೆ. ಚಪ್ಪಲಿ ಒಳಗಿಡಲು ಹೇಳುವುದು ಮರೆತೇಹೋಯಿತು, ಬಾಗಿಲ ಮುಂದೆಲ್ಲ ರಾಶಿ. ನನ್ನ ಮೂಗು ಮೊಂಡಾಗುತ್ತಿದೆ ಎಂದು ಕಾಣುತ್ತದೆ, ಫ್ಯಾಕ್ಟರಿಯಲ್ಲಿ ಹುಷಾರಾಗಿರಬೇಕು. ತಾಯಪ್ಪ ಡೋಲಕಿ ತಂದಿದ್ದ. ಎಲ್ಲಿ ಕೂರಲಿ ಎಂದು ಕೇಳಿದ. ಪಕ್ಕದ ಮನೆಯ ಗೋಡೆಗೆ ತಾಗಿಸಿ ಕೂರಿಸಿದೆ. ಕೇಳುವವರು ಇಲ್ಲವೆಂದು ಗೊತ್ತಿದ್ದೂ ಅಲ್ಲೇ ಕೂರಿಸಿದೆ.

ಏಳಾಯಿತು. ಬಾಲ್ಕನಿಗೆ ಹೋಗಿ ಇಣುಕಿದರೆ ಸ್ವಪ್ನಿಲ್ ಕೆಳಗೆ ಗೇಟಿನ ಬಳಿ ನಿಂತಿದ್ದ. ಈಗ ಯಾರಿಗಾಗಿಯೂ ಮನೆ ಬಿಟ್ಟುಕೊಡಬೇಕಾಗಿಲ್ಲ, ಆದರೂ ಆ ಹೊತ್ತಿಗೆ ಕಾಲು ಅವನನ್ನು ಅಲ್ಲಿಗೇ ಒಯ್ಯುತ್ತದೆ. ಕತ್ತೆತ್ತಿ ತನ್ನ ಮನೆಯ ಕತ್ತಲ ಕಿಟಕಿ ನೋಡುತ್ತಿದ್ದ.

ನಾನು ಬಾಲ್ಕನಿಯ ಕಂಬಿಗಳ ಮೇಲೆ ಬಾಗಿ, ಮಹಡಿಗಳಿಗೆಲ್ಲ ಕೇಳುವಂತೆ ಅವನ ಹೆಸರು ಹಿಡಿದು ಕೂಗಿದೆ. ಪ್ರಾರ್ಥನೆ ಶುರುವಾಗುತ್ತದೆ, ಆಯಿಯ ಹಾಡಿದೆ, ಮೇಲೆ ಬಾ ಎಂದೆ. ಅವನು ನಿಂತಲ್ಲೇ ನಿಂತ. ಬರುತ್ತಾನೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಹೋಗಿ ಗೋಡೆಯ ಬಳಿ ಒಂದು ಕುರ್ಚಿ ಹಾಕಿಟ್ಟೆ.